ಮೈಸೂರು–ಮಂಡ್ಯದ ಗ್ರಂಥಾಲಯಗಳಿಗೆ ಒಂದೇ ಸೂಚಿ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ನಾಲ್ಕಾರು ಗ್ರಂಥಾಲಯಗಳು ಸೇರಿ ಸೂಚೀಕರಣ (ಪುಸ್ತಕಗಳ ಕ್ಯಾಟಲಾಗಿಂಗ್) ಮಾಡಲು ಹೊರಟಾಗ ಕೆಲಸ ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಎಲ್ಲರ ರೆಕಾರ್ಡುಗಳನ್ನೂ (ಒಂದೊಂದು ಪುಸ್ತಕದ ವಿವರ) ಮೊದಲು ಒಂದು ಸರ್ವರ್‌ಗೆ ಸುರಿಯುತ್ತಾರೆ, ನಿಯಮದ ಮಾತು ಆಮೇಲೆ ಎತ್ತುತ್ತಾರೆ. ಆಗ ಹುಡುಕಿದರೆ ಕುವೆಂಪು ಐದು ಹೆಸರಿನಲ್ಲಿ ಸಿಗುತ್ತಾರೆ, ಒಂದೇ ಕಾದಂಬರಿ ಏಳು ರೆಕಾರ್ಡಾಗಿ ನಿಂತಿರುತ್ತದೆ. ಅವನ್ನು ಕೂಡಿಸಲು ಕೂತವರು ತಿಂಗಳುಗಟ್ಟಲೆ ದುಡಿದು ಕೈಬಿಡುತ್ತಾರೆ. ಇಲ್ಲಿ ಕೊಟ್ಟಿರುವ ಕ್ರಮ ಇದಕ್ಕೆ ತದ್ವಿರುದ್ಧ: ಮೊದಲು ನಿಯಮ, ಆಮೇಲೆ ಅಕ್ಷರಶುದ್ಧಿ, ಅದಾದ ಮೇಲೆ ಹೆಸರುಗಳು. ಡೇಟಾ ಸೇರಿಸುವುದು ಇವೆಲ್ಲ ಮುಗಿದ ಮೇಲೆ.

ವಿಶ್ವವಿದ್ಯಾನಿಲಯ, ಸಂಶೋಧನಾ ಸಂಸ್ಥೆ, ಕಾಲೇಜುಗಳ ತಾಂತ್ರಿಕ ವಿಭಾಗದಲ್ಲಿ ಕೂತು, ಮಾರ್ಕ್ 21 (ಪುಸ್ತಕದ ವಿವರವನ್ನು ಸಂಖ್ಯೆ ಹಾಕಿದ ಖಾನೆಗಳಲ್ಲಿ, ಅಂದರೆ ಫೀಲ್ಡುಗಳಲ್ಲಿ, ಬರೆಯುವ ನಮೂನೆ) ಫೀಲ್ಡುಗಳ ಪರಿಚಯ ಇರುವವರಿಗಾಗಿ ಇದನ್ನು ಬರೆದಿದೆ. ತಾಳೆಗರಿ, ಹಸ್ತಪ್ರತಿಗಳನ್ನು ಈ ಕೆಲಸಕ್ಕೆ ಸೇರಿಸಬೇಡಿ. ಅವುಗಳ ವಿವರಣೆಯ ಪದ್ಧತಿಯೇ ಬೇರೆ. ಮಹಾಪ್ರಬಂಧಗಳನ್ನೂ ನಿಯತಕಾಲಿಕೆಗಳನ್ನೂ ಎರಡನೆಯ ಸುತ್ತಿಗೆ ಇಟ್ಟುಕೊಳ್ಳಿ.

ಮೊದಲೇ ಕೈಯಲ್ಲಿ ಇರಬೇಕಾದವು

ಪ್ರತಿ ಗ್ರಂಥಾಲಯದ ಡೇಟಾದ ಪೂರ್ತಿ ರಫ್ತು ಬೇಕು. ಗ್ರಂಥಾಲಯದ ತಂತ್ರಾಂಶ ಕೋಹಾ ಇದ್ದರೂ ಸೋಲ್ ಇದ್ದರೂ ಮಾರ್ಕ್ 21 ರೂಪದಲ್ಲಿ ತೆಗೆಯಬಹುದು. ಸಂಪಾದನೆಗೆ ಮಾರ್ಕ್‌ಎಡಿಟ್ (ಉಚಿತ), ಪಟ್ಟಿಗಳಿಗೆ ಲಿಬ್ರೆಆಫೀಸ್, ಪ್ರಯೋಗಕ್ಕೆಂದೇ ಮೀಸಲಾದ, ಕೋಹಾ ಹಾಕಿದ ಒಂದು ಕಂಪ್ಯೂಟರ್. ಓದುಗರು ಬಳಸುತ್ತಿರುವ ಸರ್ವರ್‌ನಲ್ಲಿ ಪ್ರಯೋಗ ಮಾಡಲೇಬಾರದು.

ಎಕ್ಸೆಲ್ ಬಗ್ಗೆ ಒಂದು ಎಚ್ಚರಿಕೆ. ಸಿಎಸ್‌ವಿ ಕಡತವನ್ನು ಅದರಲ್ಲಿ ನೇರವಾಗಿ ತೆರೆದರೆ 13 ಅಂಕಿಯ ಐಎಸ್‌ಬಿಎನ್ ದಶಮಾಂಶದ ಘಾತರೂಪಕ್ಕೆ ತಿರುಗುತ್ತದೆ, ಅಕ್ಸೆಷನ್ ನಂಬರಿನ (ಗ್ರಂಥಾಲಯ ಪ್ರತಿ ಪುಸ್ತಕಕ್ಕೂ ಕೊಡುವ ಕ್ರಮಸಂಖ್ಯೆ) ಮುಂದಿನ ಸೊನ್ನೆಗಳು ಬಿದ್ದುಹೋಗುತ್ತವೆ. ಹಾಗೆಯೇ ಉಳಿಸಿದರೆ ಮೂಲ ಅಂಕಿ ಮರಳಿ ಬರುವುದಿಲ್ಲ. ಲಿಬ್ರೆಆಫೀಸ್‌ನಲ್ಲಿ ತೆರೆಯುವಾಗ ಯುಟಿಎಫ್-8 ಆರಿಸಿ, ಎಲ್ಲ ಕಾಲಮ್ಮುಗಳನ್ನೂ ‘ಪಠ್ಯ’ ಎಂದು ಗುರುತಿಸಿ. ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಆ ಕಡತವನ್ನು ಎಸೆದು ಹೊಸದಾಗಿ ರಫ್ತು ಮಾಡಿ. ಅದನ್ನು ರಿಪೇರಿ ಮಾಡಲು ಆಗುವುದಿಲ್ಲ.

ಹಂತ 1: ಒಂದೇ ಕೋಹಾವೋ, ಅವರವರದೋ?

ದಾರಿ ಎರಡಿವೆ. ಎಲ್ಲರೂ ಒಂದೇ ಕೋಹಾದಲ್ಲಿ ಶಾಖೆಗಳಾಗಿ ಸೇರುವುದು ಒಂದು. ಅವರವರ ತಂತ್ರಾಂಶ ಅವರಲ್ಲೇ ಉಳಿದು, ಮೇಲೆ ಒಂದು ಸಂಯುಕ್ತ ಸೂಚಿ ಕಟ್ಟುವುದು ಇನ್ನೊಂದು. ಎರಡನೆಯದರಲ್ಲಿ ಪ್ರತಿ ಕೋಹಾದಿಂದ ಓಎಐ-ಪಿಎಂಎಚ್ (ರೆಕಾರ್ಡುಗಳನ್ನು ತಾನೇ ತರಿಸಿಕೊಳ್ಳುವ ವಿಧಾನ) ಮೂಲಕ ರೆಕಾರ್ಡುಗಳನ್ನು ಎತ್ತಿ ವ್ಯೂಫೈಂಡ್‌ನಂಥ ಹುಡುಕಾಟದ ತಂತ್ರಾಂಶಕ್ಕೆ ತುಂಬುತ್ತಾರೆ.

ಒಂದೇ ಆಡಳಿತದ ಘಟಕ ಕಾಲೇಜುಗಳಿಗೆ ಮೊದಲನೆಯದು ಸರಿ. ಬೇರೆಬೇರೆ ವಿಶ್ವವಿದ್ಯಾನಿಲಯಗಳು ಸೇರುವುದಾದರೆ ಎರಡನೆಯದನ್ನೇ ಆರಿಸಿಕೊಳ್ಳಿ. ಕಾರಣ ಬಾರ್‌ಕೋಡ್. ಕೋಹಾದಲ್ಲಿ ಒಂದು ಬಾರ್‌ಕೋಡ್ ಎರಡು ಪ್ರತಿಗಳಿಗೆ ಇರುವಂತಿಲ್ಲ. ಆದರೆ ಎಲ್ಲರ ಅಕ್ಸೆಷನ್ ರಿಜಿಸ್ಟರೂ 1ರಿಂದಲೇ ಶುರುವಾಗಿರುತ್ತದೆ, ಆ ಸಂಖ್ಯೆಯನ್ನೇ ಬಾರ್‌ಕೋಡಾಗಿ ಅಂಟಿಸಿರುತ್ತಾರೆ. ಮೈಸೂರಿನ 45,678ನೆಯ ಪುಸ್ತಕವೂ ಮಂಡ್ಯದ 45,678ನೆಯ ಪುಸ್ತಕವೂ ಆಮದಿನಲ್ಲಿ ಡಿಕ್ಕಿ ಹೊಡೆದು ಒಂದು ಪ್ರತಿ ಹೊರಗುಳಿಯುತ್ತದೆ. ಡೇಟಾದಲ್ಲಿ ಸಂಖ್ಯೆಯ ಮುಂದೆ ಗ್ರಂಥಾಲಯದ ಸಂಕೇತ ಸೇರಿಸಿದರೆ ಡಿಕ್ಕಿ ತಪ್ಪುತ್ತದೆ, ನಿಜ. ಆದರೆ ಪುಸ್ತಕಕ್ಕೆ ಅಂಟಿಸಿದ ಚೀಟಿಯಲ್ಲಿ ಹಳೆಯ ಸಂಖ್ಯೆಯೇ ಇರುತ್ತದೆ, ಸ್ಕ್ಯಾನರ್ ಅದನ್ನೇ ಓದುತ್ತದೆ. ಸಾವಿರಾರು ಚೀಟಿ ಮತ್ತೆ ಮುದ್ರಿಸಿ ಅಂಟಿಸಲು ಜನವಿದ್ದರೆ ಮಾತ್ರ ಆ ದಾರಿಗೆ ಇಳಿಯಿರಿ.

ಇನ್‌ಫ್ಲಿಬ್‌ನೆಟ್‌ನ ಇಂಡ್‌ಕ್ಯಾಟ್ (ದೇಶದ ವಿಶ್ವವಿದ್ಯಾನಿಲಯ ಗ್ರಂಥಾಲಯಗಳ ಸಂಯುಕ್ತ ಸೂಚಿ) ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಅಲ್ಲಿಗೆ ಕಳಿಸುವ ರೆಕಾರ್ಡು ಕೂಡ ಸ್ವಚ್ಛವಾಗಿರಬೇಕಲ್ಲ. ಕೆಳಗಿನ ಹಂತಗಳ ಕೆಲಸ ಅಲ್ಲಿಗೂ ನೆರವಾಗುತ್ತದೆ.

ಹಂತ 2: ನಾಲ್ಕು ಪುಟದ ನಿಯಮ ಬರೆದು ಸಹಿ ಮಾಡಿ

ನೂರು ಪುಟದ ಕೈಪಿಡಿ ಮಾಡಿದರೆ ಯಾರೂ ತೆರೆಯುವುದಿಲ್ಲ. ನಾಲ್ಕು ಪುಟದಲ್ಲಿ ಈ ತೀರ್ಮಾನಗಳು ಬರಲಿ.

ಲಿಪಿ: ಕನ್ನಡ ಪುಸ್ತಕದ ಹೆಸರು 245ರಲ್ಲಿ ಕನ್ನಡ ಲಿಪಿಯಲ್ಲೇ ಇರಲಿ. ರೋಮನ್ ಲಿಪ್ಯಂತರ ಬೇಕಾದರೆ 880ರಲ್ಲಿ ಕೊಟ್ಟು, ಫೀಲ್ಡಿನೊಳಗಿನ ಉಪಖಾನೆಯಾದ 6ನೆಯ ಸಬ್‌ಫೀಲ್ಡಿನಿಂದ ಜೋಡಿಸಿ: 245ರಲ್ಲಿ 880-01, 880ರಲ್ಲಿ 245-01. ಲಿಪ್ಯಂತರವನ್ನು ಪರ್ಯಾಯ ಶೀರ್ಷಿಕೆಯ 246ಕ್ಕೆ ತುರುಕುವ ರೂಢಿ ಕೆಲವೆಡೆ ಇದೆ. ಶೀರ್ಷಿಕೆಗೆ ಅದು ಸಾಲಬಹುದು, ಲೇಖಕರ ಮತ್ತು ಪ್ರಕಾಶಕರ ಹೆಸರಿಗೆ ಅಲ್ಲಿ ಜಾಗವಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಇಳಿಸಿಕೊಳ್ಳುವ ಕನ್ನಡ ಪುಸ್ತಕಗಳ ರೆಕಾರ್ಡುಗಳಲ್ಲಿ ಹೆಚ್ಚಿನವು ರೋಮನ್ ಲಿಪಿಯಲ್ಲಷ್ಟೇ ಇರುತ್ತವೆ. ಅವನ್ನು ಹಾಗೆಯೇ ಸೇರಿಸಿದರೆ ಕನ್ನಡದಲ್ಲಿ ಹುಡುಕುವವರಿಗೆ ಆ ಪುಸ್ತಕ ಇಲ್ಲದಂತೆಯೇ ಲೆಕ್ಕ.

ಶೀರ್ಷಿಕೆಯ ಎರಡನೆಯ ಸೂಚಕ (ವಿಂಗಡಿಸುವಾಗ ಮೊದಲಿನ ಎಷ್ಟು ಅಕ್ಷರ ಬಿಡಬೇಕೆಂಬ ಸಂಖ್ಯೆ): ಕನ್ನಡಕ್ಕೆ ಯಾವಾಗಲೂ 0.

ವರ್ಗ ಸಂಖ್ಯೆ: ಡ್ಯೂಯಿ ದಶಮಾಂಶ ವರ್ಗೀಕರಣದ ಪ್ರಕಾರ ಕನ್ನಡ ಸಾಹಿತ್ಯಕ್ಕೆ 894.814, ಕಾದಂಬರಿ ಮತ್ತು ಕಥೆಗೆ 894.8143. ಇದು 082ರಲ್ಲಿ ಎಲ್ಲರಿಗೂ ಸಾಮಾನ್ಯ. ಆದರೆ ರ್ಯಾಕಿನ ಕಾಲ್ ನಂಬರ್ ಅವರವರದು, ಅದರ ಜಾಗ ಕೋಹಾದಲ್ಲಿ ಪ್ರತಿಗಳ ವಿವರ ಇರುವ 952ರ ಓ ಸಬ್‌ಫೀಲ್ಡ್. ಕೋಲನ್ ಎಂಬ ಇನ್ನೊಂದು ವರ್ಗೀಕರಣ ಪದ್ಧತಿಯಲ್ಲಿ ಜೋಡಿಸಿದ ಹಳೆಯ ಸಂಗ್ರಹವಿದ್ದರೆ ಮುಟ್ಟಬೇಡಿ. ಹಂಚಿಕೊಳ್ಳುವುದು ರೆಕಾರ್ಡನ್ನು, ರ್ಯಾಕನ್ನಲ್ಲ.

ಊರಿನ ಹೆಸರು: ಪ್ರಕಟಣೆಯ ಸ್ಥಳವನ್ನು ಪುಸ್ತಕದಲ್ಲಿ ಇದ್ದಂತೆಯೇ ಬರೆಯಿರಿ. ಇಂಗ್ಲಿಷ್ ಪುಸ್ತಕಗಳಲ್ಲಿ 2014ರ ನವೆಂಬರ್ 1ಕ್ಕೆ ಮುಂಚಿನ ‘ಮೈಸೂರ್’ ಅನ್ನು ‘ಮೈಸೂರು’ ಎಂದು ತಿದ್ದಲು ಹೋಗಬೇಡಿ. ಸರ್ಕಾರಿ ಪ್ರಕಟಣೆಗಳಿಗೂ ಇದೇ ಮಾತು: 1973ರ ನವೆಂಬರ್ 1ರ ತನಕ ಮೈಸೂರು ರಾಜ್ಯ, ಅಲ್ಲಿಂದ ಮುಂದೆ ಕರ್ನಾಟಕ. ಎರಡೂ ಬೇರೆ ಶೀರ್ಷಕಗಳಾಗಿದ್ದು (ಸೂಚಿಯಲ್ಲಿ ನಮೂದಾಗುವ ಹೆಸರಿನ ಒಪ್ಪಿತ ರೂಪ) ಒಂದಕ್ಕೊಂದು ‘ಇದನ್ನೂ ನೋಡಿ’ ಇರಬೇಕು.

ವಿಷಯ ಶೀರ್ಷಿಕೆ: 650ರಲ್ಲಿ ಎಲ್ಲರೂ ಒಪ್ಪಿದ ಒಂದೇ ಪಟ್ಟಿ, ಕನ್ನಡದ ಪದಗಳು 653ರಲ್ಲಿ.

ಹಂತ 3: ಅಕ್ಷರಶುದ್ಧಿ

ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯುವುದು ಇದೇ. ಹೆಚ್ಚಿನವರು ಹಾರಿಸಿಬಿಡುವುದೂ ಇದನ್ನೇ. ಪರದೆಯ ಮೇಲೆ ಎರಡು ಪದ ಒಂದೇ ತರಹ ಕಂಡರೂ ಕಂಪ್ಯೂಟರಿಗೆ ಬೇರೆಬೇರೆಯಾಗಿರಬಹುದು. ಕೆಳಗಿನ ಐದನ್ನು ಇದೇ ಕ್ರಮದಲ್ಲಿ ಮಾಡಿ.

1. ಲೀಡರ್ (ರೆಕಾರ್ಡಿನ ತಲೆಸಾಲು) ನೋಡಿ. ಮಾರ್ಕ್ ಲೀಡರಿನ 24 ಸ್ಥಾನಗಳಲ್ಲಿ 09ನೆಯದು ಅಕ್ಷರ ಸಂಕೇತ ಯಾವುದೆಂದು ಹೇಳುತ್ತದೆ. ಯೂನಿಕೋಡ್ ಆದರೆ ಅಲ್ಲಿ ‘ಎ’ ಇರಬೇಕು. ಅದು ಖಾಲಿಯಿದ್ದರೆ ಹಳೆಯ ಮಾರ್ಕ್-8 ಎಂದು ಅರ್ಥ. ಒಳಗೆ ಯೂನಿಕೋಡ್ ಕನ್ನಡ, ಲೀಡರಿನಲ್ಲಿ ಖಾಲಿ: ಇಂಥ ರೆಕಾರ್ಡುಗಳು ಆಮದಿನಲ್ಲಿ ಚೂರುಚೂರಾಗುತ್ತವೆ. ಮಾರ್ಕ್‌ಎಡಿಟ್‌ನಲ್ಲಿ ಇಡೀ ಕಡತಕ್ಕೆ ಒಮ್ಮೆಗೇ ಸರಿಪಡಿಸಬಹುದು. ಆದರೆ ಒಳಗಿರುವುದು ನಿಜವಾಗಿ ಯೂನಿಕೋಡೇ ಎಂದು ಖಚಿತ ಮಾಡಿಕೊಂಡ ಮೇಲೆ.

2. ಹಳೆಯ ನುಡಿ, ಬರಹ ಫಾಂಟಿನ ಡೇಟಾವನ್ನು ಬೇರ್ಪಡಿಸಿ. ತಲೆಯ ಮೇಲೆ ಚಿಹ್ನೆ ಹೊತ್ತ ರೋಮನ್ ಅಕ್ಷರಗಳ ಗೊಂದಲ ಕಂಡರೆ ಅದು ಯೂನಿಕೋಡ್ ಅಲ್ಲ, ಪರಿವರ್ತಿಸಬೇಕು. ಇಡೀ ರೆಕಾರ್ಡನ್ನು ಪರಿವರ್ತಕಕ್ಕೆ ಹಾಕಿದರೆ ಅದರೊಳಗಿನ ಇಂಗ್ಲಿಷ್ ಪದಗಳು, ಐಎಸ್‌ಬಿಎನ್, ಸಬ್‌ಫೀಲ್ಡ್ ಚಿಹ್ನೆಗಳು ಕೆಡುತ್ತವೆ. ಕನ್ನಡ ಇರುವ ಫೀಲ್ಡುಗಳನ್ನಷ್ಟೇ ಹೊರತೆಗೆದು, ಪರಿವರ್ತಿಸಿ, ರೆಕಾರ್ಡ್ ಸಂಖ್ಯೆಯ ಆಧಾರದಲ್ಲಿ ಮತ್ತೆ ಕೂರಿಸಿ.

ಪರಿವರ್ತನೆ ಮುಗಿದ ಮೇಲೆ ಅರ್ಕಾವತ್ತನ್ನು ಹುಡುಕಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು. ಪರಿವರ್ತಕ ಎಡವಿದರೆ ಕರ್ನಾಟಕ ‘ಕನಾರ್ಟಕ’ ಆಗುತ್ತದೆ, ಮೂರ್ತಿ ‘ಮೂತಿರ್’, ಧರ್ಮ ‘ಧಮರ್’. ಈ ಮೂರು ತಪ್ಪು ರೂಪಗಳನ್ನು ಹುಡುಕಿದರೆ ಸಾಕು, ಪರಿವರ್ತನೆ ಸರಿಯಾಗಿದೆಯೇ ಎಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

3. ಸೊನ್ನೆಯನ್ನು ಹಿಡಿಯಿರಿ. ಅನುಸ್ವಾರ ‘ಂ’ ಬದಲು ಕನ್ನಡದ ಅಂಕಿ ‘೦’ ಒತ್ತುವ ಅಭ್ಯಾಸ ಡೇಟಾ ಎಂಟ್ರಿಯಲ್ಲಿ ತುಂಬಾ ಇದೆ. ‘ಕುವೆಂಪು’ ಮತ್ತು ‘ಕುವೆ೦ಪು’ ಕಣ್ಣಿಗೆ ಒಂದೇ. ಎರಡನೆಯದರಲ್ಲಿ ಇರುವುದು ಸೊನ್ನೆ, ಹಾಗಾಗಿ ಸರಿಯಾಗಿ ಟೈಪಿಸಿ ಹುಡುಕುವವರಿಗೆ ಅದು ಸಿಗದು. ಕನ್ನಡ ಅಕ್ಷರಕ್ಕೆ ಅಂಟಿಕೊಂಡಿರುವ ೦ ಎಲ್ಲವನ್ನೂ ಅನುಸ್ವಾರಕ್ಕೆ ಬದಲಿಸಿ. ೧೯೬೦ರಂಥ ಇಸವಿಯೊಳಗಿನ ಸೊನ್ನೆ ಬದಲಾಗದಂತೆ, ಹಿಂದೆ ಅಕ್ಷರವಿದ್ದರೆ ಮಾತ್ರ ಎಂಬ ಷರತ್ತು ಹಾಕಿ.

4. ಕಾಣದ ಜೋಡಕಗಳನ್ನು ನಿಭಾಯಿಸಿ. ‘ಸೂರ್ಯ’ ಎಂದು ಬರೆಯುವವರೂ ‘ಸೂರ‍್ಯ’ ಎಂದು ಬರೆಯುವವರೂ ಇದ್ದಾರೆ. ಎರಡನೆಯದರ ಒಳಗೆ ಕಾಣದ ಒಂದು ಜೋಡಕ ಚಿಹ್ನೆ ಇದೆ. ‘ಸಾಫ್ಟ್‌ವೇರ್’ ಪದದೊಳಗೆ ಬೇರ್ಪಡಿಸುವ ಇನ್ನೊಂದು. ಇವನ್ನು ರೆಕಾರ್ಡಿನಿಂದ ಕಿತ್ತರೆ ಬರಹವೇ ಬೇರೆಯಾಗಿ ಕಾಣುತ್ತದೆ. ಆದ್ದರಿಂದ ರೆಕಾರ್ಡಿನಲ್ಲಿ ಇರಲಿ, ಸೂಚ್ಯಂಕ (ಹುಡುಕಾಟಕ್ಕೆ ಬಳಕೆಯಾಗುವ ಪದಪಟ್ಟಿ) ಕಟ್ಟುವಾಗ ಕಳಚಿಹೋಗಲಿ. ಕೋಹಾದ ಹುಡುಕಾಟ ವ್ಯವಸ್ಥೆಯಾಗಿ ಝೆಬ್ರಾ ಬಳಸುವುದಾದರೆ ಯೂನಿಕೋಡಿಗೆ ಹೊಂದುವ ಐಸಿಯು ವಿಧಾನ ಆರಿಸಿ, ಅದರ ನಿಯಮದ ಕಡತಗಳಲ್ಲಿ ಈ ಎರಡು ಚಿಹ್ನೆಗಳನ್ನು (ಯೂನಿಕೋಡಿನ 200ಸಿ, 200ಡಿ) ತೆಗೆಯುವ ಸಾಲು ಸೇರಿಸಿ. ಪದಗಳಿಗೆ ಒಂದು, ಪದಗುಚ್ಛಗಳಿಗೆ ಒಂದು ಕಡತವಿದೆ, ಎರಡರಲ್ಲೂ ಸೇರಿಸಬೇಕು. ಆಮೇಲೆ ಸೂಚ್ಯಂಕವನ್ನು ಪೂರ್ತಿಯಾಗಿ ಮತ್ತೆ ಕಟ್ಟಿ.

5. ಸ್ವರಚಿಹ್ನೆಗಳನ್ನು ಒಂದೇ ರೂಪಕ್ಕೆ ತನ್ನಿ. ‘ಕೊ’ ಎಂಬುದನ್ನು ಒಂದೇ ಸ್ವರಚಿಹ್ನೆಯಾಗಿಯೂ ಎರಡು ತುಂಡಾಗಿಯೂ ಬರೆಯಬಹುದು. ಎನ್‌ಎಫ್‌ಸಿ ಎಂಬ ಯೂನಿಕೋಡ್ ರೂಪಕ್ಕೆ ಇಡೀ ಕಡತವನ್ನು ತಂದರೆ ಈ ತೊಂದರೆ ಮುಗಿಯಿತು.

ಪರೀಕ್ಷೆಗೆ ಈ ಪದಗಳನ್ನು ಹುಡುಕಿ ನೋಡಿ: ಕರ್ನಾಟಕ, ಕುವೆಂಪು, ಸೂರ್ಯ, ಕೊಡಗು, ಮೇಲುಕೋಟೆ, ಸಾಫ್ಟ್‌ವೇರ್. ಮೊದಲು ಕೀಲಿಮಣೆಯಿಂದ ಟೈಪಿಸಿ, ಆಮೇಲೆ ಫೋನಿನಿಂದ. ಎರಡರಲ್ಲೂ ಸಿಗುವ ರೆಕಾರ್ಡುಗಳ ಸಂಖ್ಯೆ ಒಂದೇ ಆಗುವ ತನಕ ಮುಂದಿನ ಹಂತ ಬೇಡ.

ಹಂತ 4: ಹೆಸರುಗಳ ಕಡತ

ಕನ್ನಡದ ಹೆಸರುಗಳಲ್ಲಿ ಕುಲನಾಮ ಇರಲೇಬೇಕೆಂದಿಲ್ಲ. ಊರು, ತಂದೆಯ ಹೆಸರಿನ ಮೊದಲಕ್ಷರಗಳು ಮುಂದೆ ಬಂದು ಸ್ವಂತ ಹೆಸರು ಕೊನೆಗೆ ನಿಲ್ಲುತ್ತದೆ. ಹಾಗಾಗಿ ‘ಪುಟ್ಟಪ್ಪ, ಕೆ. ವಿ.’ ಎಂದು ಸ್ವಂತ ಹೆಸರಿನಿಂದ ನಮೂದು. ಕಾವ್ಯನಾಮದಿಂದಲೇ ಜನ ಬಲ್ಲವರಾದರೆ ಕಾವ್ಯನಾಮವೇ ಮುಖ್ಯ ಶೀರ್ಷಕ, ಉಳಿದವು ಅಧಿಕೃತ ರೆಕಾರ್ಡಿನ (ಹೆಸರಿನ ಒಪ್ಪಿತ ರೂಪವನ್ನೂ ಇತರ ರೂಪಗಳನ್ನೂ ಹೇಳುವ ರೆಕಾರ್ಡು) 400ರಲ್ಲಿ ‘ಇದನ್ನು ನೋಡಿ’ ಎಂದು. ಮೂರು ಮಾದರಿ:

ಕುವೆಂಪು, 1904–1994. ಅಡಿಯಲ್ಲಿ: ಪುಟ್ಟಪ್ಪ, ಕೆ. ವಿ.; ಪುಟ್ಟಪ್ಪ, ಕುಪ್ಪಳಿ ವೆಂಕಟಪ್ಪ.

ಪು. ತಿ. ನ., 1905–1998. ಅಡಿಯಲ್ಲಿ: ನರಸಿಂಹಾಚಾರ್, ಪು. ತಿ.; ಪುತಿನ.

ತ್ರಿವೇಣಿ, 1928–1963. ಅಡಿಯಲ್ಲಿ: ಅನಸೂಯಾ ಶಂಕರ್.

ಚುಕ್ಕಿಯ ನಂತರ ಜಾಗ ಬಿಡುವುದೋ ಬೇಡವೋ ಎಂಬುದು ಸಣ್ಣ ವಿಷಯವೆನಿಸಬಹುದು. ಆದರೆ ‘ಕೆ.ವಿ.’ ಮತ್ತು ‘ಕೆ. ವಿ.’ ಎರಡು ಶೀರ್ಷಕಗಳಾಗಿ ಒಡೆಯುವುದು ಅಲ್ಲೇ. ಜಾಗ ಬಿಡಿ ಎಂದು ಬರೆದಿಟ್ಟುಕೊಳ್ಳಿ. ಶೀರ್ಷಕದಲ್ಲಿ ಡಾ., ಪ್ರೊ., ಶ್ರೀಮತಿ ಬರಬಾರದು.

ಸಂಸ್ಥೆಗಳ ಹೆಸರಿನಲ್ಲೂ ಇದೇ ಗೋಳು. ‘ಮೈಸೂರು ವಿಶ್ವವಿದ್ಯಾನಿಲಯ’ ಒಂದು ಕಡೆ, ‘ಮೈಸೂರು ವಿಶ್ವವಿದ್ಯಾಲಯ’ ಇನ್ನೊಂದು ಕಡೆ. ಪ್ರಸಾರಾಂಗದ (ವಿಶ್ವವಿದ್ಯಾನಿಲಯದ ಪ್ರಕಟಣಾ ವಿಭಾಗ) ಪುಸ್ತಕಗಳು ಎಲ್ಲ ಗ್ರಂಥಾಲಯಗಳಲ್ಲೂ ಇರುವುದರಿಂದ ಈ ಒಂದು ಹೆಸರನ್ನು ಸರಿಮಾಡಿದರೆ ರಾಶಿ ರೆಕಾರ್ಡುಗಳು ಒಮ್ಮೆಗೇ ಸರಿಹೋಗುತ್ತವೆ. ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆ ಆಮೇಲೆ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಾಯಿತು. ಹಳೆಯ ಹೆಸರಿನಲ್ಲಿ ಹೊರಬಂದ ಪುಸ್ತಕಕ್ಕೆ ಹಳೆಯ ಹೆಸರೇ ಇರಲಿ, ಎರಡನ್ನೂ 510ರಿಂದ ಜೋಡಿಸಿ.

ಎಲ್ಲ ಲೇಖಕರಿಗೂ ಅಧಿಕೃತ ರೆಕಾರ್ಡು ಬರೆಯುತ್ತ ಕೂತರೆ ಕೆಲಸ ಮುಗಿಯದು. ಎಲ್ಲರ 100 (ಮುಖ್ಯ ಲೇಖಕರು) ಮತ್ತು 700 (ಇತರ ಹೆಸರುಗಳು) ಫೀಲ್ಡುಗಳನ್ನು ಒಂದು ಪಟ್ಟಿಗೆ ತೆಗೆದು, ಎಷ್ಟು ಸಲ ಬಂದಿವೆ ಎಂದು ಎಣಿಸಿ, ಮೇಲಿನ 500 ಹೆಸರುಗಳಿಂದ ಶುರುಮಾಡಿ.

ಹಂತ 5: ಯಾವುದಕ್ಕೆ ಹೊಸ ರೆಕಾರ್ಡು?

ನಕಲು ರೆಕಾರ್ಡುಗಳು ಹುಟ್ಟುವುದು ಈ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟಾಗ. ಕನ್ನಡದ ಪ್ರಕಾಶಕರು ‘ಮುದ್ರಣ’ವನ್ನೂ ‘ಆವೃತ್ತಿ’ಯನ್ನೂ ಒಂದೇ ಅರ್ಥದಲ್ಲಿ ಬಳಸುತ್ತಾರೆ. ಪುಸ್ತಕದಲ್ಲಿರುವ ಪದವನ್ನು ನಂಬಬೇಡಿ, ಪುಟಗಳನ್ನು ನೋಡಿ. ಅದೇ ಪ್ರಕಾಶಕರು, ಅದೇ ಪುಟಸಂಖ್ಯೆ, ಮೂರನೆಯ ಮುದ್ರಣ ಎಂದಿದ್ದರೆ ರೆಕಾರ್ಡು ಒಂದೇ. ಹೊಸ ಪುಸ್ತಕ ಅದರ ಕೆಳಗೆ ಇನ್ನೊಂದು ಪ್ರತಿಯಾಗಿ ಸೇರಲಿ. ಪಠ್ಯ ಪರಿಷ್ಕರಿಸಿದ್ದರೆ, ಅಕ್ಷರಜೋಡಣೆ ಹೊಸದಾಗಿ ಪುಟಗಳು ಬದಲಾಗಿದ್ದರೆ ಅಥವಾ ಬೇರೆ ಪ್ರಕಾಶಕರು ತಂದಿದ್ದರೆ ಹೊಸ ರೆಕಾರ್ಡು. ಬೆಲೆ ಏರಿದ್ದು, ಮುಖಪುಟ ಬದಲಾದದ್ದು ಲೆಕ್ಕಕ್ಕಿಲ್ಲ.

ಶೀರ್ಷಿಕೆ ಪುಟದ ಹಿಂಬದಿಯಲ್ಲಿ ‘ಪುಟಗಳು: 12+240’ ಎಂದು ಪ್ರಕಾಶಕರು ಅಚ್ಚು ಹಾಕಿರುತ್ತಾರೆ. ಅದನ್ನು ನಕಲು ಮಾಡಬೇಡಿ, ಕೊನೆಯ ಸಂಖ್ಯೆ ಹಾಕಿದ ಪುಟ ತೆರೆದು ನೋಡಿ. ಎತ್ತರವನ್ನು ಅಳೆದು ಮುಂದಿನ ಪೂರ್ಣ ಸೆಂಟಿಮೀಟರಿಗೆ ಏರಿಸಿ: 21.2 ಇದ್ದರೆ 22.

‘ಸಂ.’ ಎಂಬ ಸಂಕ್ಷೇಪ ಕಂಡಲ್ಲಿ ನಿಂತು ಯೋಚಿಸಿ. ಅದು ಸಂಪಾದಕ ಇರಬಹುದು, ಸಂಪುಟ ಇರಬಹುದು, ಸಂಚಿಕೆಯೂ ಇರಬಹುದು. ಸಂಪಾದಕರನ್ನು 100ರಲ್ಲಿ ಲೇಖಕರನ್ನಾಗಿ ಕೂರಿಸಿದ ರೆಕಾರ್ಡುಗಳು ಎಲ್ಲ ಕಡೆಯೂ ಸಿಗುತ್ತವೆ. ಅವರ ಜಾಗ 700, ಜೊತೆಗೆ ‘ಸಂಪಾದಕ’ ಎಂಬ ಪಾತ್ರಸೂಚಿ. ‘ಅನು.’ ಇದ್ದರೆ ಅನುವಾದಕರು, ಅವರಿಗೂ 700.

ಸಂಪುಟಗಳ ವಿಷಯಕ್ಕೆ ಎರಡು ಮಾತು. ಪ್ರತಿ ಸಂಪುಟಕ್ಕೂ ತನ್ನದೇ ಹೆಸರಿದ್ದರೆ ಬೇರೆ ರೆಕಾರ್ಡು. ಬರೀ ಸಂಖ್ಯೆಯಿದ್ದರೆ ಒಂದೇ ರೆಕಾರ್ಡು, ಸಂಪುಟ ಸಂಖ್ಯೆ 952ರ ಎಚ್ ಸಬ್‌ಫೀಲ್ಡಿನಲ್ಲಿ.

ಹಳೆಯ ಪುಸ್ತಕದಲ್ಲಿ ಶಾಲಿವಾಹನ ಶಕ ಮಾತ್ರ ಇದ್ದರೆ 78 ಕೂಡಿಸಿ. ಶಕ 1850 ಎಂದರೆ 1928–29. ಪ್ರಕಟಣೆಯ ವಿವರದ 264ರಲ್ಲಿ ಪುಸ್ತಕದಲ್ಲಿ ಇದ್ದಂತೆ, ಸಂಕೇತರೂಪದ 008ರಲ್ಲಿ ಕ್ರಿಸ್ತಶಕ.

ಹಂತ 6: ಇನ್ನೂರು ರೆಕಾರ್ಡಿನ ಪ್ರಯೋಗ

ಪ್ರತಿ ಗ್ರಂಥಾಲಯದಿಂದ 200 ರೆಕಾರ್ಡು ಆರಿಸಿ. ಚೆನ್ನಾಗಿರುವವನ್ನೇ ಹೆಕ್ಕಬೇಡಿ. ಸಂಪುಟಗಳು, ಐಎಸ್‌ಬಿಎನ್ ಇಲ್ಲದ ಹಳೆಯ ಪುಸ್ತಕಗಳು, ಅನುವಾದಗಳು ಧಾರಾಳವಾಗಿ ಇರಲಿ. ಇವುಗಳಲ್ಲಿ ಎಲ್ಲರಲ್ಲೂ ಇರುವ ಪುಸ್ತಕಗಳು ಕನಿಷ್ಠ 50 ಇರಬೇಕು, ಇಲ್ಲದಿದ್ದರೆ ಹೊಂದಿಕೆಯ ಪರೀಕ್ಷೆಯೇ ಆಗುವುದಿಲ್ಲ.

ಕೋಹಾದಲ್ಲಿ ಎರಡು ಹೊಂದಿಕೆ ನಿಯಮ ಬರೆಯಿರಿ. ತಾಳೆಯಾದ ವಿವರಗಳ ಅಂಕ ಮಿತಿ ಮುಟ್ಟಿದರೆ ಎರಡು ರೆಕಾರ್ಡೂ ಒಂದೇ ಪುಸ್ತಕದವೆಂದು ಲೆಕ್ಕ. ಐಎಸ್‌ಬಿಎನ್ ಇರುವವಕ್ಕೆ ಒಂದು: ಮಿತಿ 1000, ಐಎಸ್‌ಬಿಎನ್‌ಗೆ 1000 ಅಂಕ. ಇಲ್ಲದವಕ್ಕೆ ಇನ್ನೊಂದು: ಶೀರ್ಷಿಕೆಗೆ 600, ಲೇಖಕರಿಗೆ 400, ಮಿತಿ 1000, ಮೇಲೆ ಇಸವಿಯ ತಾಳೆ. ಇಸವಿಯನ್ನು 264ರಿಂದ ತೆಗೆದುಕೊಂಡರೆ ಕೊನೆಯ ಚುಕ್ಕಿಯಿಂದಲೇ ತಾಳೆ ತಪ್ಪುತ್ತದೆ. 008ರ 7ನೆಯ ಸ್ಥಾನದಿಂದ ನಾಲ್ಕು ಅಂಕಿ ತೆಗೆದುಕೊಳ್ಳಿ.

ಐಎಸ್‌ಬಿಎನ್ ಒಂದನ್ನೇ ನಂಬುವುದೂ ಅಪಾಯ. ಇಡೀ ಸಂಪುಟ ಮಾಲಿಕೆಗೆ ಒಂದೇ ಸಂಖ್ಯೆ ಹಾಕಿದ್ದು, ಒಂದು ಪುಸ್ತಕದ ಸಂಖ್ಯೆಯನ್ನು ಇನ್ನೊಂದಕ್ಕೂ ಅಚ್ಚು ಹಾಕಿದ್ದು ಸಿಗುತ್ತದೆ. ಒಂದೇ ಐಎಸ್‌ಬಿಎನ್ ಇದ್ದು ಶೀರ್ಷಿಕೆಯ ಮೊದಲ ಪದ ಬೇರೆಯಾದ ರೆಕಾರ್ಡುಗಳ ಪಟ್ಟಿ ತೆಗೆದು ಕಣ್ಣಿನಿಂದ ನೋಡಿ.

100 ಹೊಂದಿಕೆಗಳಲ್ಲಿ 5ಕ್ಕಿಂತ ಹೆಚ್ಚು ತಪ್ಪಿದ್ದರೆ ಹಂತ 3ಕ್ಕೆ ಹಿಂತಿರುಗಿ.

ಹಂತ 7: ಸೇರಿಸುವುದು

ಮೊದಲು ಕೋಹಾ-ಡಂಪ್ ಕೊಟ್ಟು ಪೂರ್ತಿ ಬ್ಯಾಕಪ್ ತೆಗೆಯಿರಿ, ಅದನ್ನು ಪ್ರಯೋಗದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಒಂದು ಕಂತಿಗೆ 1000 ರೆಕಾರ್ಡು ಸಾಕು. ಹೊಂದಿಕೆ ಸಿಕ್ಕಾಗ ಏನು ಮಾಡಬೇಕು ಎಂಬಲ್ಲಿ ‘ಬರುವ ರೆಕಾರ್ಡನ್ನು ಬಿಡು, ಪ್ರತಿಗಳನ್ನು ಸೇರಿಸು’ ಎಂಬುದನ್ನೇ ಆರಿಸಿ. ‘ಬದಲಿಸು’ ಎಂದು ಕೊಟ್ಟರೆ ಒಬ್ಬರು ದಿನಗಟ್ಟಲೆ ಕೂತು ತಿದ್ದಿದ ರೆಕಾರ್ಡಿನ ಮೇಲೆ ಮೂರು ಸಾಲಿನ ಬಡಕಲು ರೆಕಾರ್ಡು ಬಂದು ಕೂರುತ್ತದೆ. ಆಮದನ್ನು ಹಿಂದಕ್ಕೆ ಪಡೆಯುವ ಸೌಲಭ್ಯವಿದೆ, ಆದರೆ ಅದನ್ನು ಅದೇ ದಿನ, ಯಾರೂ ಆ ರೆಕಾರ್ಡುಗಳನ್ನು ಮುಟ್ಟುವ ಮುಂಚೆ ಬಳಸಬೇಕು. ಆದ್ದರಿಂದ ಕಂತು ಬೆಳಿಗ್ಗೆ ಹಾಕಿ, ಸಂಜೆಯೊಳಗೆ ಪರೀಕ್ಷಿಸಿ.

ಕೆಲವು ರೆಕಾರ್ಡು ಅರ್ಧಕ್ಕೇ ತುಂಡಾಗಿದ್ದರೆ ಗಾತ್ರ ನೋಡಿ. ಮಾರ್ಕ್ ರೆಕಾರ್ಡುಗಳ ರೂಢಿಯ ರೂಪವಾದ ಐಎಸ್ಓ 2709 ಕಡತದಲ್ಲಿ ಒಂದು ರೆಕಾರ್ಡು 99,999 ಬೈಟು ಮೀರುವಂತಿಲ್ಲ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು ಬೇಕು. ನೂರಾರು ಪ್ರತಿಗಳಿರುವ ಪಠ್ಯಪುಸ್ತಕದ ರೆಕಾರ್ಡು ಸುಲಭವಾಗಿ ಮಿತಿ ದಾಟುತ್ತದೆ. ಅಂಥವನ್ನು ಮಾರ್ಕ್‌ಎಕ್ಸ್‌ಎಂಎಲ್‌ನಲ್ಲಿ ತನ್ನಿ.

ಓಎಐ-ಪಿಎಂಎಚ್ ದಾರಿ ಹಿಡಿದವರಿಗೆ: ಅದನ್ನು ಕೋಹಾದಲ್ಲಿ ಚಾಲೂ ಮಾಡಿದರಷ್ಟೇ ಪ್ರತಿಗಳ ವಿವರ ಬರುವುದಿಲ್ಲ. ಪ್ರತಿಗಳನ್ನೂ ಕಳಿಸು ಎಂದು ಹೇಳುವ ಸಂರಚನಾ ಕಡತ ಬೇಕು. ಸಂಯುಕ್ತ ಸೂಚಿಯಲ್ಲಿ ಪುಸ್ತಕ ಕಂಡು, ಅದು ಯಾವ ಗ್ರಂಥಾಲಯದ ಯಾವ ರ್ಯಾಕಿನಲ್ಲಿದೆ ಎಂಬುದು ಕಾಣದಿದ್ದರೆ ಕಾರಣ ಇದೇ.

ಹಂತ 8: ಹೊಸ ಪುಸ್ತಕ ಬಂದಾಗ

ಇಲ್ಲಿಂದ ಮುಂದೆ ಕೆಲಸ ನಿಜವಾಗಿ ಹಗುರವಾಗುತ್ತದೆ. ಮೊದಲು ಸಂಯುಕ್ತ ಸೂಚಿಯಲ್ಲಿ ಹುಡುಕಬೇಕು. ಇದ್ದರೆ ಇಳಿಸಿಕೊಂಡು ತಮ್ಮ 952 ಸೇರಿಸಬೇಕು. ಇಲ್ಲದಿದ್ದರೆ ಆ ವಿಷಯ ಯಾರ ಪಾಲಿಗಿದೆಯೋ ಅವರು ಬರೆಯಬೇಕು. ಪಾಲು ಹಂಚುವಾಗ ಸಂಗ್ರಹದ ಬಲ ನೋಡಿ. ಕನ್ನಡ, ಸಂಸ್ಕೃತವನ್ನು ಮಾನಸಗಂಗೋತ್ರಿಯವರು, ಸಂಗೀತವನ್ನು ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯದವರು, ಆಹಾರ ತಂತ್ರಜ್ಞಾನವನ್ನು ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನವರು, ವಾಕ್–ಶ್ರವಣವನ್ನು ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಾದ ಆಯಿಷ್‌ನವರು, ಕೃಷಿಯನ್ನು ಮಂಡ್ಯದ ವಿ.ಸಿ. ಫಾರಂನವರು ಒಪ್ಪಿಕೊಂಡರೆ ಅದು ಸಹಜವಾದ ಹಂಚಿಕೆ.

ಪುಸ್ತಕವನ್ನು ಮಂಡ್ಯದಿಂದ ಮೈಸೂರಿಗೆ ಹೊತ್ತು ತರಬೇಕಿಲ್ಲ. ಐದು ಫೋಟೊ ಕಳಿಸಿದರೆ ಆಯಿತು: ಮುಖಪುಟ, ಶೀರ್ಷಿಕೆ ಪುಟ, ಅದರ ಹಿಂಬದಿ, ವಿಷಯಾನುಕ್ರಮ, ಕೊನೆಯ ಸಂಖ್ಯೆಯಿರುವ ಪುಟ. ಜೊತೆಗೆ ಸ್ಕೇಲಿನಲ್ಲಿ ಅಳೆದ ಎತ್ತರ. ಮೂರು ಕೆಲಸದ ದಿನದೊಳಗೆ ರೆಕಾರ್ಡು ಬರಬೇಕು ಎಂದು ಗಡುವು ಇರಲಿ. ಗಡುವು ಮೀರಿದರೆ ಪುಸ್ತಕವಿರುವವರೇ ಬರೆಯಲಿ, ಓದುಗರು ಕಾಯುವುದು ಬೇಡ.

040ರಲ್ಲಿ ಬರೆದವರ ಸಂಕೇತ ಎ ಸಬ್‌ಫೀಲ್ಡಿನಲ್ಲಿ, ತಿದ್ದಿದವರದು ಡಿಯಲ್ಲಿ. ಇದನ್ನು ಬಿಟ್ಟರೆ ತಪ್ಪು ಸಿಕ್ಕಾಗ ಯಾರಿಗೆ ಹೇಳಬೇಕೆಂದೇ ಗೊತ್ತಾಗುವುದಿಲ್ಲ. ಸಾಮಾನ್ಯ ರೆಕಾರ್ಡಿನ ಸಂಖ್ಯೆಯನ್ನು ಎಲ್ಲರೂ 035ರಲ್ಲಿ ಉಳಿಸಿಕೊಳ್ಳಿ. ತಿದ್ದುಪಡಿ ಹರಡುವುದು ಆ ಸಂಖ್ಯೆಯ ಮೂಲಕ.

ತಿಂಗಳಿಗೊಮ್ಮೆ ಮೂರು ಪಟ್ಟಿ ತೆಗೆಯಿರಿ: ಅಧಿಕೃತ ಕಡತಕ್ಕೆ ಜೋಡಣೆಯಾಗದ ಹೊಸ ಹೆಸರುಗಳು, ಒಂದೇ ಶೀರ್ಷಿಕೆ–ಲೇಖಕ–ಇಸವಿ ಇರುವ ಜೋಡಿ ರೆಕಾರ್ಡುಗಳು, ಒಂದು ಪ್ರತಿಯೂ ಇಲ್ಲದ ರೆಕಾರ್ಡುಗಳು. ಮೂರನೆಯದು ಬೆಳೆಯುತ್ತಿದ್ದರೆ ಎಲ್ಲೋ ಹಳೆಯ ಪುಸ್ತಕಗಳನ್ನು ರದ್ದು ಮಾಡಿದ್ದಾರೆ, ಅಳಿಸಿದ ಸುದ್ದಿ ಸಂಯುಕ್ತ ಸೂಚಿಗೆ ತಲುಪಿಲ್ಲ. ರದ್ದಾದ ಪುಸ್ತಕ ನಂಬಿಕೊಂಡು ಮಂಡ್ಯದಿಂದ ಬಸ್ಸು ಹತ್ತಿ ಬರುವ ವಿದ್ಯಾರ್ಥಿ ಬರಿಗೈಲಿ ಹಿಂತಿರುಗುತ್ತಾರೆ. ಆದ್ದರಿಂದ ರದ್ದು ಪಟ್ಟಿಗೆ ಗ್ರಂಥಾಲಯ ಸಮಿತಿಯ ಒಪ್ಪಿಗೆ ಸಿಕ್ಕ ದಿನವೇ ಅದರ ಒಂದು ಪ್ರತಿ ಸಂಯುಕ್ತ ಸೂಚಿ ನೋಡಿಕೊಳ್ಳುವವರ ಕೈಗೂ ಹೋಗಲಿ.